ಹೆಸರು ಹಿಡಿದರೆ ಆರು, ಬೆರಳು ಹಿಡಿದರೆ ಏಳು

ದೆವ್ವದ ಮಾತು, ಗಾಳಿ ಸೋಕಿದ ಮಾತು ಯಾರಾದರೂ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನಂಬಿಕೆ ಇರಲಿಲ್ಲ ಎಂಬುದಷ್ಟೇ ಅಲ್ಲ, ಅಂಥ ಮಾತಿನ ಮೇಲೆ ನನಗೆ ಸಿಟ್ಟಿತ್ತು. ಮನೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿಯರ ನಡುವೆ ನನ್ನ ಕೆಲಸ. ಅವರಲ್ಲಿ ಇಬ್ಬರನ್ನು ‘ಇಕಿಗೆ ಗಾಳಿ ಐತಿ’ ಎಂಬ ಒಂದೇ ಮಾತಿನ ಮೇಲೆ ಬೀದಿಗೆ ಬಿಟ್ಟಿದ್ದರು. ಒಬ್ಬಳಿಗೆ ಇದ್ದದ್ದು ಮೂರ್ಛೆರೋಗ, ಇನ್ನೊಬ್ಬಳಿಗೆ ಇದ್ದದ್ದು ಮಲತಾಯಿ.

ಹಾಗಿದ್ದ ನಾನೇ ಇದನ್ನು ಬರೆಯಲು ಕುಳಿತಿದ್ದೇನೆ. ಓದುವವರು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನು ಕಂಡೆ ಎಂದು, ಕಾಣದ್ದನ್ನು ಕಾಣಲಿಲ್ಲ ಎಂದು ಬರೆಯುತ್ತೇನೆ. ಇಂಥವು ಅಮಾವಾಸ್ಯೆಯ ರಾತ್ರಿ, ಊರ ಹೊರಗೆ ನಡೆಯುತ್ತವೆ ಎಂದು ಕೇಳಿದ್ದೆ. ನನಗಾದದ್ದು ಮಧ್ಯಾಹ್ನ ಒಂದೂವರೆಗೆ, ಬನಹಟ್ಟಿಯ ಒಂದು ಪಡಸಾಲೆಯಲ್ಲಿ, ತಪಾಸಣೆಗೆ ಬಂದ ಒಬ್ಬ ಅಧಿಕಾರಿಯ ಎದುರಿಗೆ. ಕೆಲವು ವರ್ಷಗಳಾದವು.

ಆಗ ನಾನು ಅಲ್ಲಿ ಒಂದು ಸಣ್ಣ ಸಂಸ್ಥೆಯ ಮನೆಯನ್ನು ನೋಡಿಕೊಳ್ಳುತ್ತಿದ್ದೆ. ಬಾಲಮಂದಿರದಲ್ಲಿ ಬೆಳೆದ ಹುಡುಗಿಯರು ಹದಿನೆಂಟು ತುಂಬಿದ ಕೂಡಲೇ ಅಲ್ಲಿಂದ ಹೊರಬೀಳಬೇಕು. ಹೋಗಲು ಮನೆ ಇರುವುದಿಲ್ಲ. ಅಂಥವರು ಎರಡು ವರ್ಷ ನಮ್ಮಲ್ಲಿದ್ದು, ಒಂದು ಕೆಲಸ ಹಿಡಿದು, ತಾವೇ ಒಂದು ಖೋಲಿ ಬಾಡಿಗೆಗೆ ಹಿಡಿಯುವಷ್ಟು ಗಟ್ಟಿಯಾಗಿ ಹೋಗಬೇಕು ಎಂಬುದು ಯೋಜನೆ. ಇಲಾಖೆಯ ಕಾಗದದಲ್ಲಿ ಮನೆಗೆ ಉದ್ದನೆಯ ಹೆಸರಿತ್ತು. ಓಣಿಯವರು ‘ಹುಡಿಗ್ಯಾರ ಮನಿ’ ಅನ್ನುತ್ತಿದ್ದರು.

ಹಿಂದೆ ನೇಕಾರರು ಇದ್ದ ಮನೆ ಅದು. ಪಡಸಾಲೆಯಲ್ಲಿ ಮಗ್ಗದ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದರು. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಒಳಗಿನ ಎರಡು ಖೋಲಿಗಳಲ್ಲಿ ಮಲಗಲು ಮೂರು ಮೂರು ಕಾಟು. ನಮಗೆ ಮಂಜೂರಾದದ್ದು ಆರೇ ಮಂದಿ. ಹಿಂದಿನ ವರ್ಷ ಒಬ್ಬ ಹುಡುಗಿಯನ್ನು ಎರಡು ರಾತ್ರಿ ಹೆಚ್ಚಿಗೆ ಇಟ್ಟುಕೊಂಡದ್ದಕ್ಕೆ ನೋಟಿಸು ಬಂದಿತ್ತು. ಇನ್ನೊಮ್ಮೆ ಹಾಗೆ ಕಂಡುಬಂದರೆ ಅನುದಾನ ನಿಲ್ಲಿಸುವುದಾಗಿ ಅದರಲ್ಲಿ ಬರೆದಿದ್ದರು. ಅನುದಾನ ನಿಂತರೆ ಆರು ಮಂದಿಯೂ ಮತ್ತೆ ಬಸ್‌ಸ್ಟ್ಯಾಂಡಿನಲ್ಲೇ.

ಒಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಕಸ್ತೂರಿ ಬಾಗಿಲಿಗೆ ಬಂದಳು. ಕೈಯಲ್ಲಿ ಅಕ್ಕಿ ಅಂಗಡಿಯ ಜಿಪ್ಪಿನ ಚೀಲ. ಹತ್ತೊಂಬತ್ತು ವರ್ಷ ಇರಬಹುದು. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲು ದಾಟದೆ ನಿಂತು ಕೇಳಿದಳು:

“ಅಕ್ಕಾರ, ಇಲ್ಲಿ ಇರಾಕ ಜಾಗಾ ಕೊಡ್ತಾರಂತಲ್ರಿ. ಖರೆ ಏನ್ರಿ?”

ಕೂರಿಸಿ ವಿಚಾರಿಸಿದೆ. ಹುಟ್ಟಿದ್ದು ಹುನ್ನೂರಿನಲ್ಲಿ. ತಾಯಿ ತೀರಿಕೊಂಡ ಮೇಲೆ, ಹನ್ನೊಂದನೆಯ ವಯಸ್ಸಿಗೆ, ಸೋದರಮಾವ ಬೀಳಗಿಯ ಒಂದು ಮನೆಗೆ ಕೂಸು ಆಡಿಸಲು ಬಿಟ್ಟಿದ್ದ. ಎಂಟು ವರ್ಷ ಅಲ್ಲೇ. ಕೂಸು ದೊಡ್ಡದಾಯಿತು, ಆ ಮನೆಯವರು ವರ್ಗವಾಗಿ ದೂರದ ಊರಿಗೆ ಹೋದರು, ಹೋಗುವಾಗ ಇವಳನ್ನು ಹುನ್ನೂರಿನ ಬಸ್ಸು ಹತ್ತಿಸಿದರು. ಮಾವ ಬಾಗಿಲು ತೆಗೆಯಲಿಲ್ಲ. ಅದಾಗಿ ಮೂರು ದಿನವಾಗಿತ್ತು. ಆ ಮೂರು ದಿನ ಎಲ್ಲಿದ್ದೆ ಎಂದು ಕೇಳಿದೆ. ಅವಳು ಚೀಲದ ಜಿಪ್ಪು ಎಳೆದು ಹಾಕಿದಳು.

ನಾನು ಫೋನು ಹಿಡಿದು ಕುಳಿತೆ. ಮೊದಲನೆಯ ಕಚೇರಿಯವರು ಬಾಲಮಂದಿರದ ಪತ್ರ ಕೇಳಿದರು. ಇವಳು ಬಾಲಮಂದಿರದಲ್ಲಿ ಇದ್ದವಳೇ ಅಲ್ಲ. ಎರಡನೆಯವರು ಹದಿನೆಂಟು ದಾಟಿದ್ದರೆ ತಮಗೆ ಸಂಬಂಧವಿಲ್ಲ ಎಂದರು. ಮೂರನೆಯವರು ಪೊಲೀಸ್ ಕೇಸು ಆಗಿದೆಯೇ, ಯಾರಾದರೂ ಹೊಡೆದಿದ್ದಾರೆಯೇ ಎಂದು ಕೇಳಿದರು. ಹೊಡೆದಿಲ್ಲ ಎಂದೆ. ಹಾಗಿದ್ದರೆ ಕಷ್ಟ ಎಂದರು. ಹನ್ನೊಂದು ವರ್ಷದವಳಿದ್ದಾಗ ಈಕೆಯನ್ನು ಯಾರಾದರೂ ಕಂಡು ಬಾಲಮಂದಿರಕ್ಕೆ ಸೇರಿಸಿದ್ದರೆ ಇಂದು ಈಕೆಗೆ ಕಾಟಿನ ಹಕ್ಕಿರುತ್ತಿತ್ತು. ಯಾರ ಕಣ್ಣಿಗೂ ಬೀಳದೆ ದುಡಿದದ್ದರಿಂದ ಕಾಗದವಿರಲಿಲ್ಲ. ಫೋನಿನ ಆ ಕಡೆಯವರು ಯಾರೂ ಕೆಟ್ಟವರಲ್ಲ. ಎಲ್ಲರೂ ‘ಪಾಪ’ ಎಂದರು.

ನಾನು ಹೀಗೆ ಒದ್ದಾಡುವಾಗ ಕಸ್ತೂರಿ ಸುಮ್ಮನೆ ಕೂರಲಿಲ್ಲ. ನಮ್ಮ ಹುಡುಗಿಯರು ಬಿಡುವಿನಲ್ಲಿ ಓಣಿಯ ಕೈಮಗ್ಗದವರಿಗೆ ಕಂಡಿಕೆ ಸುತ್ತಿಕೊಡುತ್ತಿದ್ದರು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ಸುತ್ತುವ ಕೆಲಸ. ಇವಳೂ ಒಂದು ರಾಟೆಯ ಮುಂದೆ ಕುಳಿತಳು. ಬೀಳಗಿಯಲ್ಲಿ ಕಲಿತ ಕೆಲಸವಲ್ಲ, ಕೈಗೆ ಹತ್ತಲಿಲ್ಲ. ನೂಲು ನಡುವೆಯೇ ಗುಡ್ಡೆಯಾಗಿ ಕಂಡಿಕೆ ಉಬ್ಬುತ್ತಿತ್ತು. ನಮ್ಮ ಹುಡುಗಿಯರಲ್ಲಿ ಬಾಯಿ ಜೋರಿನವಳು ಮಾಲಾ. ಒಂದನ್ನು ಎತ್ತಿ ಹಿಡಿದು, “ಇದೇನ್ಲೇ ಕಸ್ತೂರಿ, ಬಸರ ಕಂಡಿಕಿ! ಇದು ಲಾಳ್ಯಾಗ ಹೋಗೂದಿಲ್ಲ, ದವಾಖಾನಿಗೇ ಹೋಗತೈತಿ” ಎಂದಳು. ಎಲ್ಲರೂ ನಕ್ಕರು. ಕಸ್ತೂರಿಯೂ ನಕ್ಕಳು. ಅವಳು ನಕ್ಕದ್ದನ್ನು ಆ ದಿನ ನೋಡಿದ್ದು ಅದೊಂದೇ ಸಲ.

ಅಡುಗೆಯ ಗಂಗವ್ವ ಉಣ್ಣಲು ಬಡಿಸಿದಳು. ನಾಲ್ಕರ ಹೊತ್ತಿಗೆ ಬಾಗಲಕೋಟೆಯ ಕಡೆಯ ಒಂದು ಆಶ್ರಯ ಮನೆಯವರು, “ಕಳಸ್ರಿ, ನೋಡೂಣು” ಎಂದರು. ಅಷ್ಟಕ್ಕೇ ನಾನು ಪತ್ರ ಬರೆದು ಕವರಿನಲ್ಲಿ ಹಾಕಿದೆ. ಕಸ್ತೂರಿ ಅದನ್ನು ತೆಗೆದುಕೊಳ್ಳದೆ ಹೇಳಿದಳು:

“ಪಡಸಾಲ್ಯಾಗ ಮಲಗತೀನ್ರೀ ಅಕ್ಕಾರ. ಕಾಟು ಬ್ಯಾಡ್ರಿ ನನಗ.”

“ನಾಳಿ ತಪಾಸಣಿಗೆ ಸಾಹೇಬ್ರು ಬರ್ತಾರವಾ” ಎಂದೆ.

ಇದು ನಾನು ಕೊಟ್ಟ ಉತ್ತರ. ಅವಳು “ಹೂಂ ರೀ” ಎಂದು ಕವರು ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ನಾಲ್ಕೂವರೆಯ ಬಸ್ಸಿಗೆ ನಾನೇ ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದೆ. ರಾತ್ರಿ ದಿನಚರಿ ವಹಿ ಬರೆಯುವಾಗ ಅವಳು ಬಂದದ್ದನ್ನು ಬರೆಯಲಿಲ್ಲ. ಬರೆದರೆ ಮರುದಿನ ಪ್ರಶ್ನೆ ಬರುತ್ತದೆ ಎಂಬ ಭಯ. ಆ ವಹಿಯಲ್ಲಿ ನಾನು ಬೇಕೆಂದೇ ಬಿಟ್ಟ ಸಂಗತಿ ಅದುವರೆಗೆ ಬೇರೊಂದಿರಲಿಲ್ಲ.

ಇನ್ನು ಮಂಗಳವಾರದ ಮಾತು. ಇಲ್ಲಿ ನಾನು ನಿಧಾನವಾಗಿ ಹೇಳಬೇಕು.

ಲೈನಿನ ಕೆಲಸವಿದೆ ಎಂದು ಅಂದು ಹನ್ನೆರಡಕ್ಕೇ ಕರೆಂಟು ತೆಗೆದಿದ್ದರು. ಬನಹಟ್ಟಿಯಲ್ಲಿ ಇರುವವರಿಗೆ ಗೊತ್ತು, ಪವರ್‌ಲೂಮಿನ ಸದ್ದು ಕಿವಿಗೆ ರೂಢಿಯಾಗಿ ಕೇಳಿಸುವುದೇ ಇಲ್ಲ. ಅದು ನಿಂತಾಗಲೇ ಕೇಳಿಸುತ್ತಿತ್ತು ಎಂದು ತಿಳಿಯುವುದು. ಓಣಿ ಅಷ್ಟು ನಿಶ್ಶಬ್ದವಾಗಿತ್ತು. ಸಾಹೇಬರು ಒಂದು ಗಂಟೆಗೆ ಬಂದರು. ಐವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ, ಕನ್ನಡಕದ ಮನುಷ್ಯ. ವಹಿಗಳನ್ನು ನೋಡಿದರು, ಕಾಟು ಎಣಿಸಿದರು, ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಒಂದೂವರೆಗೆ ಪಡಸಾಲೆಗೆ ಬಂದು ಕುರ್ಚಿಯ ಮೇಲೆ ಕುಳಿತರು. ನಾನು ಅವರ ಎಡಕ್ಕೆ ನಿಂತಿದ್ದೆ.

ಹುಡುಗಿಯರು ಎದುರಿನ ಗೋಡೆಗೆ ಬೆನ್ನು ಮಾಡಿ ಸಾಲಾಗಿ ಕೂತಿದ್ದರು. ಮನೆಯಲ್ಲಿ ಇದ್ದದ್ದು ನಾಲ್ಕು ರಾಟೆ. ನಾಲ್ವರು ರಾಟೆ ತಿರುಗಿಸುತ್ತಿದ್ದರು. ಒಬ್ಬಳು ನೂಲಿನ ಲಡಿ ಬಿಡಿಸುತ್ತಿದ್ದಳು. ಎಡ ತುದಿಯಲ್ಲಿದ್ದ ಮಾಲಾ ಹೊಲಿಗೆ ಕ್ಲಾಸಿನ ವಹಿ ಇಟ್ಟುಕೊಂಡು ಓದುವ ಸೋಗು ಹಾಕುತ್ತಿದ್ದಳು. ಬೆಳಕಿಂಡಿಯ ಬೆಳಕು ನಡುವಿನವರ ಮೇಲೆ ಬೀಳುತ್ತಿತ್ತು. ತುದಿಯವರು ಮಬ್ಬಿನಲ್ಲಿದ್ದರು, ಆದರೆ ಮುಖ ಕಾಣದಷ್ಟು ಕತ್ತಲೆ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಎಲ್ಲರ ಮುಖವೂ ನನಗೆ ಕಾಣುತ್ತಿತ್ತು.

ಸಾಹೇಬರು ಪೆನ್ನಿನ ತುದಿಯಿಂದ ಎಣಿಸಿದರು. ನಿಂತರು. ಮತ್ತೆ ಎಣಿಸಿದರು.

“ಏಳ ಮಂದಿ ಅದಾರಲ್ರೀ ಬಾಯಾರ.”

“ಆರ್ರೀ” ಎಂದೆ.

“ಎಣಸ್ರಿ ನೀವ.”

ನಾನು ಬೆರಳು ಮಾಡಿ ಎಡದಿಂದ ಎಣಿಸಿದೆ. ಏಳು ಬಂತು. ಗಡಿಬಿಡಿಯಲ್ಲಿ ಒಬ್ಬಳನ್ನು ಎರಡು ಸಲ ಎಣಿಸಿದೆ ಎಂದುಕೊಂಡು ಬಲದಿಂದ ಎಣಿಸಿದೆ. ಏಳು. ಆಗ ಹೆಸರು ಹಿಡಿದು ಎಣಿಸಿದೆ. ಒಂದೊಂದೇ ಹೆಸರು ಕರೆದೆ, ಕರೆದವಳು “ಹಾಂ ರೀ” ಎಂದಳು. ಆರು ಹೆಸರು, ಆರು ದನಿ. ಸಾಲಿನಲ್ಲಿ ಅಪರಿಚಿತ ಮುಖಕ್ಕಾಗಿ ಹುಡುಕಿದೆ. ಯಾರೂ ಇರಲಿಲ್ಲ. ಎಲ್ಲವೂ ನಾನು ದಿನಾ ನೋಡುವ ಮುಖಗಳೇ. ಮತ್ತೆ ಹೆಸರು ಬಿಟ್ಟು ಬೆರಳಿನಿಂದ ಎಣಿಸಿದೆ. ಏಳು.

ಕಸ್ತೂರಿಯನ್ನು ಅಲ್ಲಿ ಕಂಡೆ ಎಂದು ನಾನು ಹೇಳುತ್ತಿಲ್ಲ. ಕಾಣಲಿಲ್ಲ. ಯಾರ ರೂಪವನ್ನೂ ಹೆಚ್ಚಿಗೆ ಕಾಣಲಿಲ್ಲ. ಎಣಿಕೆ ಮಾತ್ರ ಹೆಚ್ಚಾಗಿತ್ತು. ಏಳನೆಯದು ಸಾಲಿನಲ್ಲಿ ಎಲ್ಲಿ ಬರುತ್ತಿತ್ತು ಎಂದು ಗುರುತಿಸಲು ನೋಡಿದೆ, ಆಗಲಿಲ್ಲ. ಪ್ರತಿಯೊಬ್ಬರ ಮೇಲೂ ಬೆರಳು ಒಂದೇ ಸಲ ಹೋಗುತ್ತಿತ್ತು, ಮುಗಿಯುವಾಗ ಏಳಾಗಿರುತ್ತಿತ್ತು.

ಸಾಹೇಬರು ನಾನು ಆಟ ಆಡುತ್ತಿದ್ದೇನೆ ಎಂದುಕೊಂಡಿರಬೇಕು. ಎಲ್ಲರನ್ನೂ ಎಬ್ಬಿಸಿ ಹಿತ್ತಲಲ್ಲಿ ಬಿಸಿಲಿಗೆ ನಿಲ್ಲಿಸಿದರು. ಆರು. ಮತ್ತೆ ಒಳಗೆ ಕರೆದು ಕೂರಿಸಿದರು. ಏಳು. ಆಗ ಮಾಲಾ, “ಸಾಹೇಬ್ರ, ನಾವು ಆರ ಮಂದಿನ ಅದೀವ್ರಿ. ಏಳನೇದಾಕಿ ಇದ್ದಿದ್ರ ನನ್ನ ಪಾಳೆದ ಕಸಾ ಆಕಿ ಕಡೆ ಹೊಡಸ್ತಿದ್ನಿ” ಎಂದಳು. ಹುಡುಗಿಯರು ಕಿಸಕ್ಕನೆ ನಕ್ಕರು. ನನಗೂ ಸಾಹೇಬರಿಗೂ ನಗು ಬರಲಿಲ್ಲ. ಹುಡುಗಿಯರಿಗೆ ಏನೂ ತಿಳಿದಿರಲಿಲ್ಲ, ಎಣಿಸುತ್ತಿದ್ದವರು ನಾವಿಬ್ಬರೇ.

ಅವರು ಎದ್ದು ಮನೆ ಹುಡುಕಿದರು. ಕಾಟಿನ ಕೆಳಗೆ, ತಿಜೋರಿಯ ಹಿಂದೆ, ಬಚ್ಚಲು, ಮಾಳಿಗೆ. ಯಾರೂ ಸಿಗಲಿಲ್ಲ. ಅಡುಗೆಮನೆಯಲ್ಲಿ ಗಂಗವ್ವ ಊಟಕ್ಕೆ ತಾಟು ಹಚ್ಚಿಟ್ಟಿದ್ದಳು. ಏಳು ತಾಟು.

“ಇದು ಯಾರದು?” ಎಂದು ಸಾಹೇಬರು ಗದರಿದರು.

“ಬಂದೋರದ್ರೀ ಎಪ್ಪಾ. ಒಂದ ತಾಟ ಮ್ಯಾಲ ಇಡೂದು ನಮ್ಮವ್ವನ ಕಾಲದಿಂದ ಐತಿ. ರೊಟ್ಟಿ ಎಣಸಬಾರದು, ಉಣ್ಣೋರ್ನ ಎಣಸಬಾರದು. ಎಣಿಸಿದ್ರ ಬರಕತ್ ಹೋಗತೈತಿ. ನೀವು ಬಂದಾಗಿಂದ ಎಣಿಸೂದ ಹಚ್ಚೀರಿ” ಎಂದಳು ಗಂಗವ್ವ. ಸರಕಾರಕ್ಕೆ ಅವಳು ಹಾಕಿದ ಛೀಮಾರಿ ಅದು.

ಸಾಹೇಬರು ಅಲ್ಲೇ ನಿಂತು ವರದಿಯಲ್ಲಿ ಬರೆದರು: ಮಂಜೂರಾದ ಸಂಖ್ಯೆ ಆರು, ಖುದ್ದು ಎಣಿಸಿದಾಗ ಏಳು, ತಾಟು ಏಳು. ಬರೆದು ಸಹಿ ಹಾಕಿದರು. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೆ ಖಟಖಟ ಎಂದವು, ಪಡಸಾಲೆಯ ಟ್ಯೂಬ್‌ಲೈಟು ಹತ್ತಿತು. ನಾನು ಓಡಿಹೋಗಿ ಎಣಿಸಿದೆ. ಆರು. ಅವರನ್ನು ಕರೆದು ಎಣಿಸಿರಿ ಎಂದೆ. ಎಣಿಸಿದರು. ಆರು ಎಂದು ಅವರ ತುಟಿಯೂ ಅಂದಿತು.

“ಬರದದ್ದು ಬರದಾತ್ರಿ ಈಗ” ಎಂದರು. ಚಹಾ ಮುಟ್ಟಲಿಲ್ಲ. ಟೊಪ್ಪಿಗೆ ಹಾಕದೆಯೇ ಪೆನ್ನನ್ನು ಕಿಸೆಗೆ ಇಟ್ಟುಕೊಂಡು ಹೋದರು.

ಅಂದಿನಿಂದ ನಾನು ಹಾಕದ ಲೆಕ್ಕಾಚಾರವಿಲ್ಲ. ಮಬ್ಬು ಬೆಳಕು, ಸೆಕೆ, ತಪಾಸಣೆಯ ಭಯ. ಅವರು ಒಮ್ಮೆ ತಪ್ಪು ಎಣಿಸಿದ್ದು ನನ್ನ ತಲೆಯಲ್ಲೂ ಕೂತಿರಬಹುದು. ಹಿಂದಿನ ದಿನ ಒಬ್ಬಳನ್ನು ಕಳಿಸಿದ ಸಂಕಟ ನನ್ನ ಬೆರಳಿನಲ್ಲಿ ಲೆಕ್ಕವಾಗಿ ಬಂದಿರಬಹುದು ಎನ್ನೋಣ. ಆದರೆ ಕಸ್ತೂರಿಯ ಸುದ್ದಿಯೇ ಗೊತ್ತಿಲ್ಲದ ಸಾಹೇಬರ ಪೆನ್ನಿನಲ್ಲಿ ಬಂದದ್ದೇಕೆ? ಮುಂದೆ ಎರಡು ಸಲ ಕರೆಂಟು ಹೋದಾಗ ಹುಡುಗಿಯರನ್ನು ಅದೇ ಹೊತ್ತಿಗೆ ಅದೇ ಸಾಲಿನಲ್ಲಿ ಕೂರಿಸಿ ಎಣಿಸಿದೆ. ಎರಡು ಸಲವೂ ಆರೇ.

ಇನ್ನೊಂದು ಸಂಗತಿ ಇದೆ, ಅದನ್ನು ನಾನು ಸಾಕ್ಷಿ ಎನ್ನುವುದಿಲ್ಲ. ಮಂಗಳವಾರದ ಕಂಡಿಕೆಯ ಬುಟ್ಟಿಯನ್ನು ಮಗ್ಗದ ಮನೆಯವರು ಸಂಜೆ ತಿರುಗಿ ಕಳಿಸಿದರು. ಅದರಲ್ಲಿ ಎಂಟೊಂಬತ್ತು ಕಂಡಿಕೆ ನಡುವೆ ಉಬ್ಬಿದ್ದವು, ಲಾಳಿಯೊಳಗೆ ಹೋಗುತ್ತಿರಲಿಲ್ಲ. ಕಸ್ತೂರಿ ಸುತ್ತಿದವನ್ನೆಲ್ಲ ಸೋಮವಾರವೇ ಬಿಚ್ಚಿ ಹೊಸದಾಗಿ ಸುತ್ತಿದ್ದೆ ಎಂದು ಮಾಲಾ ಆಣೆ ಮಾಡಿದಳು. ಕೆಲವು ಬುಟ್ಟಿಯ ತಳದಲ್ಲಿ ಉಳಿದಿರಬಹುದು. ಅಷ್ಟಕ್ಕೇ ಬಿಡುತ್ತೇನೆ.

ಅಂದೇ ಆಶ್ರಯ ಮನೆಗೆ ಫೋನು ಮಾಡಿದೆ. ಅಂಥ ಹುಡುಗಿ ಯಾರೂ ಬಂದಿಲ್ಲ ಎಂದರು. ಕಂಡಕ್ಟರನನ್ನು ಹುಡುಕಿ ಕೇಳಲು ನಾಲ್ಕು ದಿನ ಹಿಡಿಯಿತು. “ಆ ಹುಡಿಗಿ ಲೋಕಾಪುರಕ್ಕ ಇಳಕೊಂಡ್ಲಲ್ರೀ” ಎಂದ. ಅವಳು ಕಾಣೆಯಾದ ದೂರು ಕೊಡಲು ಠಾಣೆಗೆ ಹೋದರೆ, “ನಿಮಗ ಏನ ಆಗಬೇಕ್ರಿ ಆಕಿ?” ಎಂದು ಕೇಳಿದರು. ನಮ್ಮ ವಹಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಅದೇ ವಾರ ನೋಟಿಸು ಬಂತು. ಏಳನೆಯವಳನ್ನು ಕೂಡಲೇ ಹೊರಗೆ ಕಳುಹಿಸಿ ಹದಿನೈದು ದಿನದೊಳಗೆ ವರದಿ ಕೊಡಬೇಕು, ತಪ್ಪಿದರೆ ಅನುದಾನ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಜೊತೆಗೊಂದು ನಮೂನೆ: ಅನಧಿಕೃತವಾಗಿ ಇದ್ದ ಯುವತಿಯ ಹೆಸರು, ವಯಸ್ಸು, ಹೊರಗೆ ಕಳುಹಿಸಿದ ದಿನ. ಏಳನೆಯವಳು ಇರಲೇ ಇಲ್ಲ ಎಂದು ನಾನು ಬರೆದು ಕಳಿಸಿದೆ. ‘ಅಪೂರ್ಣ’ ಎಂಬ ಕೆಂಪು ಅಕ್ಷರದೊಂದಿಗೆ ತಿರುಗಿ ಬಂತು. ಮತ್ತೆ ಬರೆದೆ. ಮತ್ತೆ ಅಪೂರ್ಣ. ಫೋನು ಮಾಡಿದರೆ ಸಾಹೇಬರು ಅಂದರು, “ಬಾಯಾರ, ನೀವೂ ನನ್ನ ಬಾಜೂಕ ನಿಂತು ಎಣಿಸೀರಿ. ಏಳು ಬಂತೋ ಇಲ್ಲೋ? ನಿಮ್ಮ ಮಕ್ಕಳ ಮ್ಯಾಲ ಕೈ ಇಟ್ಟು ಹೇಳ್ರಿ.” ಬಂತು ಎಂದೆ. “ಮತ್ತ? ನಾ ಏನ ಸುಳ್ಳ ಬರದೀನೇನು? ಹೆಸರ ಹಾಕಿ, ಕಳಿಸೀನಿ ಅಂತ ಬರೀರಿ, ಫೈಲ್ ಮುಚ್ಚತೀನಿ.” ಇದ್ದವಳನ್ನು ಇಟ್ಟುಕೊಳ್ಳಲು ಕಾಗದವಿಲ್ಲ ಎಂದು ಕಳಿಸಿದೆ, ಇಲ್ಲದವಳನ್ನು ಕಳಿಸಿದ್ದಕ್ಕೆ ಕಾಗದ ಕೊಡಿರಿ ಎಂದು ಅವರು ನನ್ನ ಬೆನ್ನು ಬಿದ್ದಿದ್ದರು.

ಹತ್ತನೆಯ ದಿನ ಲೋಕಾಪುರದ ಒಂದು ಖಾನಾವಳಿಯಲ್ಲಿ ಕಸ್ತೂರಿ ಸಿಕ್ಕಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಸ್ಸಿನಲ್ಲಿ ಬಾಜೂಕೆ ಕೂತ ಹೆಂಗಸೊಬ್ಬಳು ಇಲ್ಲಿ ಕೆಲಸವಿದೆ ಎಂದಳಂತೆ. ಇನ್ನೊಂದು ಆಶ್ರಯ ಮನೆಯ ಬಾಗಿಲಲ್ಲಿ ನಿಂತು ಕೇಳುವುದಕ್ಕಿಂತ ಇದೇ ಛಲೋ ಅನಿಸಿತು ಎಂದಳು. ರಾತ್ರಿ ಎಲ್ಲಿ ಮಲಗುತ್ತೀ ಎಂದೆ. ಹಿಂದೆ, ಜೋಳದ ಚೀಲ ಇಡುವ ಖೋಲಿ ತೋರಿಸಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ನಾನು ಅದನ್ನೇ ನೋಡುತ್ತಿರುವುದನ್ನು ಅವಳು ನೋಡಿದಳು.

“ಚೀಲ ಅಡ್ಡ ಇಟ್ಟು ಮಲಗತೀನ್ರಿ” ಎಂದಳು. ಆಮೇಲೆ, “ಕರಕೊಂಡ ಹೋಗಾಕ ಬಂದೀರೇನ್ರಿ?”

“ನೋಡಿ ಹೋಗಾಕ ಬಂದೀನವಾ.”

“ನೋಡಿ ಏನ ಮಾಡ್ತೀರಿ?”

ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಎಲ್ಲಿದ್ದೆ ಎಂದು ಕೇಳಿದೆ. ಕೇಳುವಾಗ ನನಗೇ ನಾಚಿಕೆಯಾಯಿತು. ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ, “ಇ‌ಲ್ಲೇ ಇದ್ನಿ. ಹೊಸಾ ಜಾಗಾ, ಮಂದಿ ಭಾಳ ಇತ್ತು, ಎಷ್ಟ ಹೊತ್ತಿಗೆ ಏನ ಮಾಡಿದೆ ನೆನಪಿಲ್ರಿ. ಯಾಕ?” ಎಂದಳು. ಏನಿಲ್ಲ ಎಂದೆ. ಬಡಿಗನನ್ನು ಕರೆತಂದು ಆ ಖೋಲಿಗೆ ಒಳಗಡೆ ಒಂದು ಚಿಲಕ ಹಾಕಿಸಿದೆ. ಖಾನಾವಳಿಯ ಮಾಲಕ ಮುಖ ಗಂಟು ಹಾಕಿದ, ಬೇಡ ಎನ್ನಲಿಲ್ಲ. ಆ ದಿನ ನನ್ನಿಂದ ಆದದ್ದು ಅಷ್ಟೇ.

ಅಂದು ಸಂಜೆ ಬನಹಟ್ಟಿಗೆ ಬಂದು ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಯ ಪುಟಗಳಲ್ಲಿ ಒಂದು ಕಲಮು ಇತ್ತು, ಅದುವರೆಗೆ ನಮಗೆ ಅದರ ಅಗತ್ಯ ಬಿದ್ದಿರಲಿಲ್ಲ. ಒಮ್ಮೆ ಈ ಮನೆಯಲ್ಲಿ ಇದ್ದು ಹೋದ ಯುವತಿ ವರ್ಷದೊಳಗೆ ಮತ್ತೆ ನೆಲೆ ಕಳೆದುಕೊಂಡರೆ, ಕಾಟು ಖಾಲಿ ಇದ್ದಾಗ, ಹೊಸ ಪತ್ರವಿಲ್ಲದೆ ಅವಳನ್ನು ಮರಳಿ ಸೇರಿಸಿಕೊಳ್ಳಬಹುದು. ಅವಳು ಇಲ್ಲಿ ಇದ್ದಳು ಎನ್ನಲು ಇಲಾಖೆಯ ಒಂದು ದಾಖಲೆ ಸಾಕು. ಅಂಥ ದಾಖಲೆ, ನೋಟಿಸಿನ ಜೊತೆ ಬಂದ ಆ ನಮೂನೆ, ನನ್ನ ಮೇಜಿನ ಮೇಲೆ ಇತ್ತು. ಸಾಹೇಬರ ಸಹಿಯಿತ್ತು, ಮೊಹರಿತ್ತು. ಹೆಸರಿನ ಜಾಗ ಮಾತ್ರ ಖಾಲಿ ಇತ್ತು.

ಹೆಸರು: ಕಸ್ತೂರಿ. ವಯಸ್ಸು: ಹತ್ತೊಂಬತ್ತು. ಇಷ್ಟು ಬರೆಯಲು ಕೈ ತಡೆಯಲಿಲ್ಲ. ಹೊರಗೆ ಕಳುಹಿಸಿದ ದಿನ ಎಂಬಲ್ಲಿ ನಿಂತೆ. ಕಳಿಸಿದ್ದು ಸೋಮವಾರ. ಸೋಮವಾರ ಎಂದು ಬರೆದರೆ ಮಂಗಳವಾರದ ಏಳನೆಯವಳು ಯಾರು ಎಂಬ ಪ್ರಶ್ನೆ ಉಳಿಯುತ್ತದೆ, ಕಾಗದ ಮತ್ತೆ ತಿರುಗಿ ಬರುತ್ತದೆ. ಗಂಗವ್ವ ಒಳಗಿನಿಂದ, “ಉಣ್ಣು ಏಳವಾ, ಬರಿಯೂದು ಎಲ್ಲಿ ಓಡಿ ಹೊಕ್ಕೈತಿ” ಎಂದಳು. ‘ಮಂಗಳವಾರ, ತಪಾಸಣೆಯ ನಂತರ’ ಎಂದು ಬರೆದು ಸಹಿ ಹಾಕಿದೆ.

ಫೈಲು ಮುಚ್ಚಿತು. “ಇದನ್ನ ಮೊದಲಽ ಬರದಿದ್ರ ಇಷ್ಟ ತ್ರಾಸ ಇರಲಿಲ್ಲಲ್ರೀ” ಎಂದರು ಸಾಹೇಬರು. ಎಚ್ಚರಿಕೆಯ ಪತ್ರವೊಂದು ಬಂತು. ತಿಂಗಳೊಪ್ಪತ್ತಿನಲ್ಲಿ ಮಾಲಾ ರಬಕವಿಯಲ್ಲಿ ಹೊಲಿಗೆ ಕೆಲಸ ಹಿಡಿದು, ಹನ್ನೊಂದು ಮನೆಯವರಿಂದ ‘ಒಬ್ಬಾಕಿಗೆ ಕೊಡೂದಿಲ್ಲ’ ಎನ್ನಿಸಿಕೊಂಡು, ಹನ್ನೆರಡನೆಯ ಮನೆಯಲ್ಲಿ ಖೋಲಿ ಗೆದ್ದಳು. ಅವಳ ಕಾಟು ಖಾಲಿಯಾಯಿತು. ಮರುದಿನವೇ ನಾನು ಲೋಕಾಪುರಕ್ಕೆ ಹೋದೆ.

ಕಸ್ತೂರಿ ಕೂಡಲೇ ಹೊರಡಲಿಲ್ಲ. ಅವತ್ತು ಬೇಡವಾದವಳು ಇವತ್ತು ಹೇಗೆ ಬೇಕಾದೆ ಎಂದು ಕೇಳಿದಳು. ಕೇಳುವುದು ಅವಳ ಹಕ್ಕಾಗಿತ್ತು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವವರೆಗೆ ರೊಟ್ಟಿ ಬಡಿದು, ಕೈ ತೊಳೆದುಕೊಂಡು, ಚೀಲ ಹಿಡಿದು ಬಂದಳು.

ಮನೆಯಲ್ಲಿ ವಹಿ ತೆಗೆದು ‘ಮರಳಿ ಬಂದವರು’ ಎಂಬ ಪುಟದಲ್ಲಿ ಅವಳ ಹೆಸರು, ಹಿಂದೆ ಹೋದ ದಿನ ಬರೆದು ಸಹಿಗೆ ಮುಂದಿಟ್ಟೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಸಾಲಿನ ಕೆಳಗೆ ಬೆರಳು ಇಟ್ಟು ನಿಧಾನವಾಗಿ ಓದಿದಳು. ಓದಿ ತಲೆ ಎತ್ತಿದಳು.

“ಅಕ್ಕಾರ, ನಾ ಸೋಮವಾರ ಹೋಗೀನ್ರಿ. ಇದರಾಗ ಮಂಗಳವಾರ ಅಂತ ಐತಿ.”

“ಹೌದು.”

“ಮಂಗಳವಾರ ನಾ ಇಲ್ಲಿ ಇದ್ನೇನ್ರಿ?”

ನೀನು ಇರಲಿಲ್ಲ ಎಂದರೆ ನಾನು ಎಣಿಸಿದ್ದು ಸುಳ್ಳಾಗುತ್ತಿತ್ತು. ಇದ್ದೆ ಎಂದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಪೆನ್ನು ಚಾಚಿದ ಕೈ ಹಾಗೆಯೇ ಇತ್ತು. ಅವಳು ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಹದಿನಾಲ್ಕು ತಿಂಗಳು ನಮ್ಮಲ್ಲಿದ್ದು ಹೋದಳು. ಆ ಪ್ರಶ್ನೆಯನ್ನು ಅವಳು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಇಂದಿಗೂ ನಾನು ಹಾಗೆಯೇ ಕೈ ಚಾಚಿಕೊಂಡು ಸುಮ್ಮನೆ ಕೂರುತ್ತಿದ್ದೆ.